ಮೈಕ್ರೋಕಂಟ್ರೋಲರ್ ಬೋರ್ಡ್ ಯಾವುದು ತಗೋಬೇಕು? ಸೋಲಾಪುರದ ರೈಲು ಹತ್ತೋ ಮುಂಚೆ ಓದ್ರಿ

ಲಚ್ಯಾಣ: ಟ್ಯಾಂಕ್ ತುಂಬಿದ ಕೂಡಲೇ ಮೋಟರ್ ಬಂದ್ ಆಗಬೇಕು, ನಿಂಬೆ ಗಿಡದ ಬುಡ ಒಣಗಿದ್ರೆ ಗೊತ್ತಾಗಬೇಕು. ಇಂಥ ಸಣ್ಣ ಸಾಧನ ತಾವೇ ಮಾಡಿಕೊಳ್ಳೋಣ ಅನ್ನೋರಿಗೆ ಮೊದಲ ಪ್ರಶ್ನೆ, ಯಾವ ಬೋರ್ಡ್? ಇಲ್ಲಿಂದ ವಿಜಯಪುರಕ್ಕೋ ಸೋಲಾಪುರಕ್ಕೋ ಹೋಗಿ ತಪ್ಪು ಸಾಮಾನು ತಂದರೆ ಒಂದು ದಿನವೂ ಹೋಯ್ತು, ರೊಕ್ಕವೂ ಹೋಯ್ತು.

ಹೊಸಬರಿಗೆ ಅರ್ಡುವಿನೋ ಊನೋ ಸಾಕು. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ವಿದ್ಯಾರ್ಥಿಗಳಿಗಾಗಿ ಶುರುವಾದ ಯೋಜನೆ ಇದು. ಊನೋದ ಎಟಿಮೆಗಾ 328ಪಿ ಚಿಪ್‌ನಲ್ಲಿ ಪ್ರೋಗ್ರಾಂಗೆ 32 ಕೆಬಿ ಜಾಗ, ರ‍್ಯಾಮ್ 2 ಕೆಬಿ. ಕಡಿಮೆ ಅನಿಸಿದರೂ ಮೋಟರ್ ಚಾಲೂ-ಬಂದ್ ಮಾಡಲಿಕ್ಕೆ ಧಾರಾಳ. ಇದರ ವಿನ್ಯಾಸ ಮುಕ್ತ, ಹಾಗಾಗಿ ತದ್ರೂಪಿ ಬೋರ್ಡ್ ಕೆಲವೇ ನೂರು ರೂಪಾಯಿಗೆ ಸಿಗ್ತಾವ. ಕಲಿಯಲಿಕ್ಕೆ ಅವೇ ಸಾಕು. ಆದ್ರೆ ಅವುಗಳಲ್ಲಿ ಹೆಚ್ಚಿನವಕ್ಕೆ ಸಿಎಚ್340 ಚಿಪ್ ಇರ್ತದ. ಕಂಪ್ಯೂಟರ್ ಗುರುತಿಸದಿದ್ರೆ ಅದರ ಡ್ರೈವರ್ ಹಾಕ್ರಿ. ಬರೇ ಚಾರ್ಜಿಂಗ್ ಆಗುವ ಕೇಬಲ್ ಚುಚ್ಚಿ "ಬೋರ್ಡ್ ಸತ್ತದ" ಅನ್ನೋರೂ ಕಡಿಮೆಯಿಲ್ಲ.

ವೈಫೈ ಬೇಕಂದ್ರೆ ನೋಡ್‌ಎಂಸಿಯು ಅಥವಾ ಇಎಸ್‌ಪಿ32. ಎರಡೂ 3.3 ವೋಲ್ಟಿನವು. ನೀರಿನ ಮಟ್ಟ ಅಳೆಯುವ 5 ವೋಲ್ಟಿನ ಸೆನ್ಸರ್ ನೇರ ಜೋಡಿಸಿದ್ರೆ ಪಿನ್ ಸುಟ್ಟೀತು, ನಡುವೆ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಬೇಕು. ವೈಫೈ ಇಲ್ಲದ ಹೊಲದಾಗ ಎಸ್ಸೆಮ್ಮೆಸ್‌ಗಾಗಿ ಸಿಮ್800ಎಲ್ ಮಾಡ್ಯೂಲ್ ತರೋರು ಒಂದು ಮಾತು ನೆನಪಿಡ್ರಿ: ಅದು 2ಜಿ ಮಾತ್ರ, ಜಿಯೋ ಸಿಮ್ ನಡೆಯಂಗಿಲ್ಲ. ಸಿಗ್ನಲ್ ಹುಡುಕುವಾಗ 2 ಆಂಪಿಯರ್ ತನಕ ಎಳೀತದ, ಊನೋದಿಂದಲೇ ಕರೆಂಟ್ ಕೊಟ್ರೆ ಪದೇ ಪದೇ ರೀಸ್ಟಾರ್ಟ್ ಆಗ್ತದ.

ಪ್ರೋಗ್ರಾಮರ್ ಬೇಕೇ? ಮೇಲಿನ ಮೂರಕ್ಕೂ ಬೇಡ, ಯುಎಸ್‌ಬಿ ಸಾಕು. ಬಿಡಿ ಎಟಿಮೆಗಾ ಚಿಪ್ ತಂದವರಿಗೆ ಯುಎಸ್‌ಬಿಎಎಸ್‌ಪಿ ಬೇಕಾದೀತು. ಮನೆಯಲ್ಲಿ ಊನೋ ಇದ್ರೆ ಅದನ್ನೇ ಪ್ರೋಗ್ರಾಮರ್ ಮಾಡಬಹುದು. ಪಿಐಸಿ ಚಿಪ್‌ಗೆ ಪಿಕ್‌ಕಿಟ್ ಬೇಕು, ಹವ್ಯಾಸಕ್ಕೆ ಅದು ದುಬಾರಿ ದಾರಿ.

ಕಂಪೈಲರ್‌ಗೆ ಒಂದು ಪೈಸೆ ಕೊಡಬೇಡ್ರಿ. ಅರ್ಡುವಿನೋ ಐಡಿಇ ಉಚಿತ, ಒಳಗೆ ಕೆಲಸ ಮಾಡೋದು ಜಿಸಿಸಿ ಕಂಪೈಲರ್. ಡಿಪ್ಲೊಮಾ, ಇಂಜಿನಿಯರಿಂಗ್‌ನಲ್ಲಿ 8051 ಓದುವ ಹುಡುಗರು ಕೈಲ್ ಬಳಸ್ತಾರ; ಅದರ ಉಚಿತ ಪ್ರಯೋಗ ಆವೃತ್ತಿಗೆ 2 ಕೆಬಿ ಮಿತಿ. ಎಸ್‌ಡಿಸಿಸಿಗೆ ಅಂಥ ಮಿತಿಯಿಲ್ಲ. ಆ ಹುಡುಗರು ಚಿಪ್ ಕೊಳ್ಳುವಾಗ ಎಟಿ89ಎಸ್52 ಅಂತಲೇ ಕೇಳಬೇಕು. ಹಳೆಯ 'ಸಿ' ಅಕ್ಷರದ್ದು ತಂದ್ರೆ ಕಿತ್ತು ಬೇರೆ ಪ್ರೋಗ್ರಾಮರ್‌ನಲ್ಲಿಟ್ಟೇ ತುಂಬಬೇಕಾಗ್ತದ.

ಇನ್ನು ಜೀವದ ಮಾತು. ಸಣ್ಣ ರಿಲೇ ಮೇಲೆ "10 ಆಂಪಿಯರ್" ಅಂತ ಬರೆದಿರ್ತದ. 5 ಎಚ್‌ಪಿ ತ್ರೀ-ಫೇಸ್ ಮೋಟರ್ ಓಡುವಾಗ ಸುಮಾರು 7 ಆಂಪಿಯರ್, ಹಾಗಾದ್ರೆ ನಡೀತದ ಅಂತ ಲೆಕ್ಕ ಹಾಕಬೇಡ್ರಿ. ಚಾಲೂ ಆಗುವಾಗ ಅದರ ಐದಾರು ಪಟ್ಟು ಎಳೀತದ, ರಿಲೇ ಅಲ್ಲೇ ಅಂಟಿಕೊಂಡು ಮೋಟರ್ ನಿಲ್ಲಂಗಿಲ್ಲ. ರಿಲೇಯಿಂದ ಸ್ಟಾರ್ಟರ್‌ನ ಕಾಂಟ್ಯಾಕ್ಟರ್ ಕಾಯಿಲ್ ಮಾತ್ರ ನಡೆಸಬೇಕು. ಆ ಕಾಯಿಲ್ 415 ವೋಲ್ಟಿನದೂ ಇರಬಹುದು, ಆ ಜೋಡಣೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಿಂದಲೇ ಆಗಲಿ. ಪ್ರೋಗ್ರಾಂ ತಿದ್ದುವಾಗ ಮೇನ್ ಸ್ವಿಚ್ ಬಂದ್ ಇರಲಿ.

ಮೊಬೈಲ್ ರಿಪೇರಿ ಅಂಗಡಿಯವರು ಈ ಸಾಮಾನು ಇಡೋದಾದ್ರೆ ಊನೋ, ನೋಡ್‌ಎಂಸಿಯು, ಡೇಟಾ ಕೇಬಲ್, ಜಂಪರ್ ವೈರ್ ಇಷ್ಟರಿಂದ ಶುರು ಮಾಡಬಹುದು. ಮಣ್ಣಿನ ತೇವದ ಸೆನ್ಸರ್ ತರಿಸುವಾಗ ಕೆಪ್ಯಾಸಿಟಿವ್ ಮಾದರಿಯೇ ಇರಲಿ. ಎರಡು ಕಾಲಿನ ಅಗ್ಗದ್ದು ಹಸಿ ಮಣ್ಣಿನಾಗ ಬೇಗ ತುಕ್ಕು ತಿಂದು ಗಿರಾಕಿ ವಾಪಸ್ ತರ್ತಾನ.