ಬಣ್ಣಕ್ಕೆ ಒಲಿಯದ ನೂಲು

ಅರಿವೆಗೆ ಅಚ್ಚೊತ್ತುವುದೇ ಕಸುಬಾಗಿದ್ದವರ ಮನೆಯಲ್ಲಿ ಬಣ್ಣಕ್ಕೇ ಒಲಿಯದ ನೂಲು ಹುಟ್ಟಿತೆಂಬುದು ನನಗೆ ಇತಿಹಾಸದ ವಿನೋದವಾಗಿ ತೋರುತ್ತದೆ. 1941ರಲ್ಲಿ ಇಂಗ್ಲೆಂಡಿನ ಕ್ಯಾಲಿಕೋ ಪ್ರಿಂಟರ್ಸ್ ಸಂಘದ ರಸಾಯನಜ್ಞರಾದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ಟೆರಿಲೀನ್ ನೀರನ್ನೇ ಕುಡಿಯದು. ನೀರಿನಲ್ಲಿ ಕರಗಿದ ಬಣ್ಣ ಒಳಹೊಗುವುದೆಂತು?

ಕೈಹಿಡಿದದ್ದು, 1920ರ ದಶಕದಲ್ಲಿ ಅಸಿಟೇಟ್ ರೇಷ್ಮೆಗಾಗಿ ಹುಟ್ಟಿದ, ನೀರಿನಲ್ಲಿ ಅಷ್ಟಾಗಿ ಕರಗದ ಬಣ್ಣಗಳು. ಇವಕ್ಕೆ ಕರ್ಪೂರದ ಗುಣವುಂಟು: ಕಾಯಿಸಿದರೆ ನೇರವಾಗಿ ಆವಿಯಾಗುತ್ತವೆ. 1950ರ ದಶಕದ ಕೊನೆಗೆ ಫ್ರಾನ್ಸಿನ ನೋಯೆಲ್ ದ ಪ್ಲಾಸ್ ಈ ಗುಣವನ್ನೇ ಮುದ್ರಣಕ್ಕೆ ಹಚ್ಚಿದರು. ಕಾಗದದ ಚಿತ್ರವನ್ನು ಬಟ್ಟೆಗೊತ್ತಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟರೆ, ಆವಿ ಎಳೆಯೊಳಗೆ ಹೊಕ್ಕು ನೆಲೆಸುತ್ತದೆ. ತೊಳೆಯುವ ನೀರೂ ಬೇಡ, ಹೊಳೆಯೂ ಕೆಡದು.

ಆದರೆ ಹತ್ತಿಯಲ್ಲಿ ಈ ಬಣ್ಣ ನಿಲ್ಲದು. ಮಾಸದ ಬಣ್ಣಕ್ಕೆ ಮರುಳಾಗಿ, ಮಣ್ಣಿನಲ್ಲಿ ಕೊಳೆಯದ ಬಟ್ಟೆಯನ್ನು ಉಟ್ಟೆವಲ್ಲ, ಆ ಲೆಕ್ಕವನ್ನು ತೀರಿಸುವವರಾರು?