ಒಂದು ಲೇಖನಿ, ಎರಡು ಹೆಸರು: ಜಾನ್ ಬ್ಯಾನ್‌ವಿಲ್ಲರ ಕಾದಂಬರಿಗಳು

ಪತ್ತೇದಾರಿ ಕಾದಂಬರಿಯನ್ನು ಸಾಹಿತ್ಯಮಂದಿರದ ಹೊರಜಗಲಿಯಲ್ಲಿಯೇ ಕೂರಿಸುವ ವಾಡಿಕೆ ಹಳೆಯದು. ಐರ್ಲೆಂಡಿನ ಕಾದಂಬರಿಕಾರ ಜಾನ್ ಬ್ಯಾನ್‌ವಿಲ್ಲರ ಕೃತಿಶ್ರೇಣಿಯನ್ನು ಪರಿಶೀಲಿಸಿದಾಗ, ಈ ವಾಡಿಕೆ ಎಷ್ಟರಮಟ್ಟಿಗೆ ಸಾಧುವೆಂಬ ಪ್ರಶ್ನೆ ಏಳದಿರದು.

1945ರಲ್ಲಿ ವೆಕ್ಸ್‌ಫರ್ಡ್ ಪಟ್ಟಣದಲ್ಲಿ ಜನಿಸಿದ ಬ್ಯಾನ್‌ವಿಲ್ಲರು ಡಬ್ಲಿನ್ನಿನ ಪತ್ರಿಕಾಲಯಗಳಲ್ಲಿ ದುಡಿಯುತ್ತಲೇ ಕಾದಂಬರಿಕಾರರಾಗಿ ಬೆಳೆದವರು. ಖಗೋಳವಿಜ್ಞಾನಿಗಳಾದ ಕೋಪರ್ನಿಕಸ್ ಮತ್ತು ಕೆಪ್ಲರರನ್ನು ಕುರಿತ ಕಾದಂಬರಿಗಳು (1976, 1981) ಅವರಿಗೆ ಕೀರ್ತಿಯನ್ನು ತಂದವು. 2005ರಲ್ಲಿ ‘ದಿ ಸೀ’ ಬೂಕರ್ ಪ್ರಶಸ್ತಿಗೆ ಪಾತ್ರವಾಯಿತು. ಮರುವರ್ಷವೇ ಬೆಂಜಮಿನ್ ಬ್ಲ್ಯಾಕ್ ಎಂಬ ಗುಪ್ತನಾಮದಲ್ಲಿ ‘ಕ್ರಿಸ್ಟೀನ್ ಫಾಲ್ಸ್’ ಎಂಬ ಅವರ ಪತ್ತೇದಾರಿ ಕಾದಂಬರಿ ಹೊರಬಂದಿತು.

ಹೆಸರು ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ. 1989ರ ‘ದಿ ಬುಕ್ ಆಫ್ ಎವಿಡೆನ್ಸ್’ ಕಾದಂಬರಿಯಲ್ಲಿ ಮನೆಗೆಲಸದ ಹೆಣ್ಣೊಬ್ಬಳನ್ನು ಕೊಂದ ಫ್ರೆಡ್ಡಿ ಮಾಂಟ್‌ಗೊಮರಿ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಕೊಲೆಗಾರನಾರೆಂಬ ಕುತೂಹಲಕ್ಕೆ ಅಲ್ಲಿ ಎಡೆಯಿಲ್ಲ. ಆ ಹೆಣ್ಣನ್ನು ತನ್ನಂತೆಯೇ ಜೀವವುಳ್ಳ ವ್ಯಕ್ತಿಯೆಂದು ಕಲ್ಪಿಸಿಕೊಳ್ಳಲಾರದೆ ಹೋದುದೇ ತನ್ನ ಮೂಲಾಪರಾಧವೆಂದು ಅವನು ಕಂಡುಕೊಳ್ಳುತ್ತಾನೆ.

ಒಬ್ಬ ವ್ಯಕ್ತಿಯ ಈ ಅಪರಾಧವೇ ‘ಕ್ರಿಸ್ಟೀನ್ ಫಾಲ್ಸ್’ನಲ್ಲಿ ಇಡೀ ಸಮಾಜದ ಅಪರಾಧವಾಗಿ ಪರಿಣಮಿಸುತ್ತದೆ. ಕಥೆಯ ಕಾಲ 1950ರ ದಶಕ, ಸ್ಥಳ ಡಬ್ಲಿನ್. ಶವಪರೀಕ್ಷಕ ವೈದ್ಯ ಕ್ವರ್ಕ್ ಒಂದು ರಾತ್ರಿ ಶವಾಗಾರಕ್ಕೆ ಬಂದಾಗ, ತಾನು ಬೆಳೆದ ಮನೆಯ ಮಗನೇ ಆದ ಪ್ರಸೂತಿತಜ್ಞ ಮ್ಯಾಲಕಿ, ಮೃತ ಯುವತಿಯೊಬ್ಬಳ ದಾಖಲೆಯನ್ನು ತಿದ್ದುತ್ತಿರುವುದನ್ನು ಕಾಣುತ್ತಾನೆ. ಆಕೆ ಸತ್ತದ್ದು ಹೆರಿಗೆಯಲ್ಲಿ. ಶಿಶುವಿನ ಜಾಡು ಅಮೆರಿಕದ ಬಾಸ್ಟನ್ನಿನವರೆಗೂ ಹೋಗುತ್ತದೆ. ಅಪರಾಧದ ಜಾಡು ಕ್ವರ್ಕನ ಸ್ವಂತ ಮನೆಗೇ ಮರಳುತ್ತದೆ.

ಈ ಕಥೆಯ ಹಿಂದಿರುವ ಇತಿಹಾಸ ಕಲ್ಪಿತವಲ್ಲ. ಐರ್ಲೆಂಡಿನಲ್ಲಿ ದತ್ತುಸ್ವೀಕಾರಕ್ಕೆ ಕಾನೂನು ಬಂದುದೇ 1952ರಲ್ಲಿ. ಕ್ಯಾಥೊಲಿಕ್ ಧರ್ಮಸಂಸ್ಥೆಯ ಪ್ರಭಾವ ಪ್ರಬಲವಾಗಿದ್ದ ಆ ಕಾಲದಲ್ಲಿ, ಅವಿವಾಹಿತ ತಾಯಂದಿರನ್ನು ಪ್ರತ್ಯೇಕ ಆಶ್ರಮಗಳಲ್ಲಿರಿಸಿ, ಅನೇಕ ಮಕ್ಕಳನ್ನು ಸಾಗರದಾಚೆಗೆ ಕಳುಹಿಸಲಾಯಿತು. 2021ರ ಆರಂಭದಲ್ಲಿ ಪ್ರಕಟವಾದ ಸರಕಾರಿ ಆಯೋಗದ ವರದಿಯಂತೆ, ವಿಚಾರಣೆಗೊಳಪಟ್ಟ 18 ಸಂಸ್ಥೆಗಳಲ್ಲಿ ಸುಮಾರು 9,000 ಮಕ್ಕಳು ಮರಣಹೊಂದಿದರು. ಸರಕಾರವು ಕ್ಷಮೆ ಯಾಚಿಸಿತು.

ಗಣ್ಯರೇ ದಾಖಲೆಯನ್ನು ತಿದ್ದಿರುವಲ್ಲಿ ಇತಿಹಾಸಕಾರನ ಕೈ ಕಟ್ಟಿದಂತಾಗುತ್ತದೆ. ಅಂಥ ಎಡೆಯಲ್ಲಿ ಶವವನ್ನೇ ಸಾಕ್ಷಿಯಾಗಿ ನಿಲ್ಲಿಸುವ ಪತ್ತೇದಾರಿ ಕಾದಂಬರಿಯು ಕೇವಲ ಕಾಲಕ್ಷೇಪದ ಸಾಮಗ್ರಿಯಾಗಿ ಉಳಿಯುವುದಿಲ್ಲ. 1957ರ ವೆಕ್ಸ್‌ಫರ್ಡ್ ಪ್ರಾಂತದಲ್ಲಿ ಪಾದ್ರಿಯೊಬ್ಬನ ಕೊಲೆಯನ್ನು ಶೋಧಿಸುವ ‘ಸ್ನೋ’ ಕಾದಂಬರಿಯನ್ನು ಬ್ಯಾನ್‌ವಿಲ್ಲರು 2020ರಲ್ಲಿ ಇಂಗ್ಲಿಷಿನಲ್ಲಿ ತಮ್ಮ ನಿಜನಾಮದಿಂದಲೇ ಪ್ರಕಟಿಸಿದರು. ಹೊರಜಗಲಿಗೂ ಒಳಮನೆಗೂ ನಡುವಣ ಗೋಡೆಯನ್ನು ಅವರೇ ಕೆಡವಿದಂತಾಯಿತು.