ಹೊಣೆ ಯಾರ ಹೆಗಲಿಗೆ? ಕನ್ನಡ ಪುಸ್ತಕಗಳಲ್ಲಿ ಕುಟುಂಬದ ಕಥೆ

ಪುಣ್ಯಕೋಟಿಯ ಕಥೆಯನ್ನು ಕನ್ನಡಿಗರು ಸತ್ಯದ ಕಥೆಯೆಂದೇ ನೆನಪಿಟ್ಟುಕೊಂಡಿದ್ದಾರೆ. ಹಸು ಕೊಟ್ಟ ಮಾತಿಗೆ ತಪ್ಪದೆ ಮರಳಿ ಬಂತು, ಹುಲಿ ಪ್ರಾಣ ಬಿಟ್ಟಿತು. ಶಾಲೆಯಲ್ಲಿ ‘ಗೋವಿನ ಹಾಡು’ ಕಲಿತ ಯಾರನ್ನು ಕೇಳಿದರೂ ಹೇಳುವುದು ಇಷ್ಟೇ. ಆದರೆ ಆ ಹಾಡಿನ ನಡುವೆ ಇನ್ನೊಂದು ಪ್ರಸಂಗವಿದೆ. ದೊಡ್ಡಿಗೆ ಬಂದ ಪುಣ್ಯಕೋಟಿ ಕರುವಿಗೆ ಹಾಲೂಡಿಸುತ್ತದೆ, ಬುದ್ಧಿಮಾತು ಹೇಳುತ್ತದೆ. ಆಮೇಲೆ ಜೊತೆಯ ಹಸುಗಳನ್ನು ಒಡಹುಟ್ಟಿದವರಂತೆ ಕರೆದು ಆ ಕರುವನ್ನು ಅವುಗಳ ಮಡಿಲಿಗೆ ಹಾಕುತ್ತದೆ. ಸಾಯಲು ಹೊರಟ ತಾಯಿಗೆ ಸತ್ಯದಷ್ಟೇ ದೊಡ್ಡದಾಗಿ ಕಂಡದ್ದು ಇದು: ತನ್ನ ನಂತರ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?

ಉತ್ತರ ಕರ್ನಾಟಕದ ಕಥನಗೀತೆ ‘ಕೆರೆಗೆ ಹಾರ’ದಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಸೊಸೆಯನ್ನು ಹಾರ (ಬಲಿ) ಕೊಡಬೇಕೆಂಬ ಮಾತು ಬಂದಾಗ ಆಯ್ಕೆಯಾಗುವವಳು ಕಿರಿಸೊಸೆ ಭಾಗೀರಥಿ. ತವರಿಗೆ ಓಡಿದ ಅವಳಿಗೆ ನಿಜ ಹೇಳಲು ಬಾಯಿ ಬರುವುದಿಲ್ಲ. ಅತ್ತೆ ಮಾವ ಬೇರೆ ಇಡುತ್ತಾರೆ ಎಂದಷ್ಟೇ ಹೇಳುತ್ತಾಳೆ. ತಂದೆ ಹೊಲಮನೆ ಕೊಡಿಸುವ ಸಮಾಧಾನ ಹೇಳುತ್ತಾನೆ. ನಿಜ ತಿಳಿದ ಗೆಳತಿಯೂ ತಡೆಯುವುದಿಲ್ಲ. ಊರಿನ ಬಾಯಾರಿಕೆ, ಮನೆತನದ ಮರ್ಯಾದೆ, ಎಲ್ಲದರ ಭಾರವೂ ಆ ಮನೆಯಲ್ಲಿ ಅತಿ ಕಡಿಮೆ ಮಾತಿನ ಹಕ್ಕಿದ್ದವಳ ಮೇಲೆ ಬೀಳುತ್ತದೆ. ದಂಡಿನಿಂದ ಮರಳಿದ ಗಂಡ ಅದೇ ಕೆರೆಗೆ ಹಾರುತ್ತಾನೆ.

ಹೊಣೆಯನ್ನು ಹಂಚಿಕೊಳ್ಳುವ ದೊಡ್ಡಿ ಒಂದು ಕಡೆ, ಹೊಣೆಯನ್ನು ಒಬ್ಬಳ ತಲೆಗೆ ಕಟ್ಟುವ ಮನೆ ಇನ್ನೊಂದು ಕಡೆ. ಕುಟುಂಬದ ಬಗ್ಗೆ ಕನ್ನಡದಲ್ಲಿ ಬಂದ ಮುಖ್ಯ ಪುಸ್ತಕಗಳನ್ನು ಕಾಲಾನುಕ್ರಮದಲ್ಲಿ ಓದುತ್ತ ಹೋದರೆ ಈ ಎರಡು ಚಿತ್ರಗಳೇ ಮತ್ತೆ ಮತ್ತೆ ಕಾಣುತ್ತವೆ. ಹೇಗೆ ಹೊರಬೇಕೆಂದು ಕಲಿಸುವಲ್ಲಿಂದ ಹೊರಟ ಈ ಪರಂಪರೆ, ಯಾರು ಹೊರುತ್ತಿದ್ದಾರೆ ಮತ್ತು ಏಕೆ ಎಂದು ಕೇಳುವಲ್ಲಿಗೆ ಬಂದು ನಿಂತಿದೆ.

ಒಂದೇ ಜಗಲಿಯ ಕೇಳುಗರು

ಮಕ್ಕಳ ಪುಸ್ತಕ, ದೊಡ್ಡವರ ಪುಸ್ತಕ ಎಂಬ ವಿಂಗಡಣೆ ಕನ್ನಡಕ್ಕೆ ಬಂದದ್ದು ಅಚ್ಚಿನ ಕಾಲದಲ್ಲಿ. ಅದಕ್ಕೂ ಮೊದಲು ಕಾವ್ಯವೆಂದರೆ ಒಬ್ಬರು ಓದಿ ಹತ್ತಾರು ಮಂದಿ ಕೇಳುವ ವಸ್ತು. ಗಮಕಿ ವಾಚಿಸುವಾಗ ಅಜ್ಜಿಯ ಮಡಿಲಲ್ಲಿ ಮೊಮ್ಮಗುವೂ ಇರುತ್ತಿತ್ತು. 13ನೇ ಶತಮಾನದ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ ಹೀಗೆ ಎಲ್ಲ ವಯಸ್ಸಿನವರನ್ನೂ ಮುಟ್ಟಿದ ಕೃತಿ. ರಾಜ್ಯ ಹೋಗಿ, ಹೆಂಡತಿ ಮಗನನ್ನು ಮಾರಿ, ಕಾಶಿಯ ಸುಡುಗಾಡು ಕಾಯುವ ಹರಿಶ್ಚಂದ್ರನ ಮುಂದೆ ಚಂದ್ರಮತಿ ಹಾವು ಕಚ್ಚಿ ಸತ್ತ ಲೋಹಿತಾಶ್ವನ ಹೆಣ ತಂದು ನಿಲ್ಲುತ್ತಾಳೆ. ಅಪ್ಪನಾಗಿ ಅಳಬೇಕಾದವನು ಕಾವಲುಗಾರನಾಗಿ ಸುಡುಗಾಡಿನ ತೆರಿಗೆ ಕೇಳಬೇಕು. ಕಾಯಕದ ಕರ್ತವ್ಯ ಮತ್ತು ರಕ್ತದ ನಂಟು ಹೀಗೆ ನೇರವಾಗಿ ಡಿಕ್ಕಿ ಹೊಡೆಯುವ ಪ್ರಸಂಗ ಹಳೆಯ ಕಾವ್ಯಗಳಲ್ಲಿ ಅಪರೂಪ.

ಅದಕ್ಕೂ ಹಿಂದಿನ ಗದ್ಯಕೃತಿ ‘ವಡ್ಡಾರಾಧನೆ’ಯಲ್ಲಿ 19 ಜೈನ ಕಥೆಗಳಿವೆ. ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯಲ್ಲಿ ತಾಯಿ ಯಶೋಭದ್ರೆ ಮಗ ಸಂನ್ಯಾಸಿಯಾಗಿಬಿಡುತ್ತಾನೆಂಬ ಭಯಕ್ಕೆ ಅವನನ್ನು ಅರಮನೆಯ ಸುಖದಲ್ಲಿ ಮುಚ್ಚಿಡುತ್ತಾಳೆ. ಕಥೆ ಸಾರುವುದು ವೈರಾಗ್ಯವನ್ನಾದರೂ ಕೇಳುಗರ ಮನಸ್ಸಿನಲ್ಲಿ ಉಳಿಯುವುದು ಆ ತಾಯಿಯ ಕಾವಲು.

ಧರ್ಮ ಬೋಧಿಸಿದವಳ ಪ್ರಶ್ನೆ

ಮನೆಯ ಹೊಣೆಯನ್ನೇ ವಿಷಯವಾಗಿಟ್ಟುಕೊಂಡು ಹೆಣ್ಣೊಬ್ಬಳು ಬರೆದ ಹಳೆಯ ಕನ್ನಡ ಕೃತಿ ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ರಾಣಿಗೆ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಊಳಿಗದ ಹೆಣ್ಣು ಆಕೆ. ಹೆಂಡತಿ ಗಂಡನಿಗೆ, ಅತ್ತೆಮಾವಂದಿರಿಗೆ, ಮನೆಗೆ ಹೇಗೆ ನಡೆದುಕೊಳ್ಳಬೇಕೆಂದು ಹಾಡುಗಬ್ಬದ ಸಾಂಗತ್ಯದಲ್ಲಿ ವಿವರಿಸುತ್ತಾಳೆ.

ಪುಸ್ತಕದ ಬಹುಪಾಲು ವಿಧೇಯತೆಯ ಪಾಠವೇ ನಿಜ. ಆದರೂ ಅದರೊಳಗೆ ಹೊನ್ನಮ್ಮ ಒಮ್ಮೆ ತಿರುಗಿ ನಿಲ್ಲುತ್ತಾಳೆ. ಹೆತ್ತವಳು ಹೆಣ್ಣು, ಪೊರೆದವಳು ಹೆಣ್ಣು. ಹೀಗಿರುವಾಗ ಹೆಣ್ಣು ಹುಟ್ಟಿತೆಂದು ತಾಯ್ತಂದೆಯರು ಮುಖ ಸಣ್ಣಗೆ ಮಾಡಿಕೊಳ್ಳುವುದು ಯಾವ ನ್ಯಾಯ ಎಂಬ ತರ್ಕ ಅವಳದು. ಮಗನಾದರೂ ಮಗಳಾದರೂ ಹೆತ್ತವರಿಗೆ ನೆರವಾಗುವವರೇ ಮಕ್ಕಳು ಎಂಬುದು ಆ ತರ್ಕದ ಹುರುಳು. ಮುನ್ನೂರು ವರ್ಷಗಳ ನಂತರವೂ ಪಠ್ಯಗಳಲ್ಲಿ, ಭಾಷಣಗಳಲ್ಲಿ ಉಳಿದಿರುವುದು ಈ ಭಾಗವೇ. ಹೊಣೆಯ ಪಟ್ಟಿ ಮಾಡಿಕೊಟ್ಟವಳೇ ಅದರ ಅನ್ಯಾಯವನ್ನೂ ಎತ್ತಿ ತೋರಿದಳು.

ಅಚ್ಚಿನ ಮನೆಗೆ ಬಂದ ವಿಧವೆ

1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಹೊರಬಂತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಈ ಪುಸ್ತಕದ ನಾಯಕಿ ಎಳೆಯ ವಿಧವೆ. ಹುಟ್ಟಿದ ಮನೆ ಕೈಬಿಟ್ಟಾಗ ಹೊರಗಿನ ಸಜ್ಜನರೊಬ್ಬರ ಆಶ್ರಯದಲ್ಲಿ ಓದಿ, ಮರುಮದುವೆಯಾಗಿ ಬಾಳು ಕಟ್ಟಿಕೊಳ್ಳುತ್ತಾಳೆ. ಹೆತ್ತವರು ತಮ್ಮ ಹೊಣೆಯಲ್ಲಿ ಸೋಲಬಹುದು, ಪರರು ಅದನ್ನು ಹೊರಬಹುದು ಎಂದು ಕಾದಂಬರಿಯೊಂದು ಹೇಳಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ವಿಧವೆಯೇ ಲೇಖನಿ ಹಿಡಿದದ್ದು ಮುಂದಿನ ಹೆಜ್ಜೆ. 1887ರಲ್ಲಿ ಹುಟ್ಟಿ ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ನಂಜನಗೂಡು ತಿರುಮಲಾಂಬಾ 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಶುರುಮಾಡಿದರು. ‘ಸುಶೀಲೆ’ಯಂಥ ಕಾದಂಬರಿಗಳಲ್ಲಿ ಅವರು ಸಂಪ್ರದಾಯದ ಸತಿಧರ್ಮವನ್ನು ಬಿಟ್ಟುಕೊಡಲಿಲ್ಲ, ಆದರೆ ಓದುವ, ಬರೆಯುವ, ಪ್ರಕಟಿಸುವ ಹಕ್ಕು ಹೆಣ್ಣಿಗಿದೆ ಎಂಬುದನ್ನು ಬದುಕಿಯೇ ತೋರಿಸಿದರು.

ಪಾಲು, ಮಣ್ಣು, ತಬ್ಬಲಿತನ

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಮಲೆನಾಡಿನ ಒಕ್ಕಲಿಗರ ದೊಡ್ಡ ಮನೆಯೊಂದು ಪಾಲಾಗುವ ಕಥೆ. ಮೂರನೆಯ ಹೆಂಡತಿ ಸುಬ್ಬಮ್ಮನನ್ನು ತಂದ ಚಂದ್ರಯ್ಯಗೌಡರು ಮನೆಯ ಯಜಮಾನ. ಓದಿ ಬಂದ ಹೂವಯ್ಯನಿಗೆ ಆ ಯಜಮಾನಿಕೆಯೊಂದಿಗೆ ಹೊಂದಿಕೆಯಾಗುವುದಿಲ್ಲ. ಮನೆ ಒಡೆದಾಗ ಹೊಲ, ಗದ್ದೆ, ಪಾತ್ರೆಗಳ ಜೊತೆಗೆ ಆಳುಕಾಳುಗಳ ಬದುಕೂ ಹರಿಹಂಚಾಗುತ್ತದೆ.

ಶಿವರಾಮ ಕಾರಂತರು ಕರಾವಳಿಯ ಕೋಡಿಯ ಬಡ ಬ್ರಾಹ್ಮಣ ಮನೆಯ ಮೂರು ತಲೆಮಾರುಗಳನ್ನು ‘ಮರಳಿ ಮಣ್ಣಿಗೆ’ಯಲ್ಲಿ ಹಿಡಿದಿಟ್ಟರು. ರಾಮ ಐತಾಳರು ಯಜಮಾನರು. ಮನೆಯನ್ನು ನಿಜವಾಗಿ ಎತ್ತಿ ನಿಲ್ಲಿಸಿದವರು ಅವರ ವಿಧವೆ ತಂಗಿ ಸರಸೋತಿ ಮತ್ತು ಹೆಂಡತಿ ಪಾರೋತಿ. ಗದ್ದೆಯ ಕೆಲಸ, ಸೌದೆ, ಹಟ್ಟಿ, ಅಡುಗೆ ಎಲ್ಲವೂ ಅವರ ಮೈಮೇಲೆ. ಪೇಟೆಯಲ್ಲಿ ಓದಿದ ಮಗ ಲಚ್ಚ ಆಸ್ತಿ ಕಳೆಯುತ್ತಾನೆ, ಅವನ ಹೆಂಡತಿ ನಾಗವೇಣಿ ನೋಯುತ್ತಾಳೆ, ಮೊಮ್ಮಗ ರಾಮ ಮಣ್ಣಿಗೆ ಮರಳುತ್ತಾನೆ. ಕೂತು ತಿನ್ನುವವರನ್ನೂ ದುಡಿದು ಸವೆಯುವವರನ್ನೂ ಕಾರಂತರು ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು.

‘ಬೆಟ್ಟದ ಜೀವ’ದಲ್ಲಿ ಅವರು ತೂಕದ ಇನ್ನೊಂದು ಬದಿಯನ್ನು ನೋಡಿದರು. ಕುಮಾರಪರ್ವತದ ತಪ್ಪಲಲ್ಲಿ ಅಡಿಕೆ ತೋಟ ಮಾಡಿಕೊಂಡ ಗೋಪಾಲಯ್ಯ, ಶಂಕರಿ ದಂಪತಿಯ ಮಗ ಮನೆ ಬಿಟ್ಟು ಹೋಗಿದ್ದಾನೆ. ಸಾಕಿ ಬೆಳೆಸಿದ ನಾರಾಯಣ ಸಮೀಪದಲ್ಲೇ ಇದ್ದಾನೆ. ಮಗನ ದಾರಿ ಕಾಯುವ ಮುದುಕರ ಈ ಪುಸ್ತಕದಲ್ಲಿ ಯಾರ ಮೇಲೂ ದೂರಿಲ್ಲ, ಬಂದ ಅಪರಿಚಿತನಿಗೆ ಉಪಚಾರವೇ ಹೆಚ್ಚು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲೆಸಿದ ಇಂದಿನ ಎಷ್ಟೋ ತೋಟದ ಮನೆಗಳಲ್ಲಿ ಗೋಪಾಲಯ್ಯ, ಶಂಕರಿಯರು ಇದ್ದಾರೆ. 2011ರಲ್ಲಿ ಪಿ. ಶೇಷಾದ್ರಿ ಇದನ್ನು ಚಿತ್ರವಾಗಿಸಿದಾಗ ಕಥೆ ಹಳತೆನಿಸಲಿಲ್ಲ.

ಒಳಕೋಣೆಯಿಂದ ಬಂದ ಸಾಕ್ಷ್ಯ

ಮನೆಯ ಒಳಗಿನಿಂದಲೇ ಬರೆಯುವ ಲೇಖಕಿಯರ ತಲೆಮಾರು 1950–60ರ ದಶಕಗಳಲ್ಲಿ ಬಂತು. ತ್ರಿವೇಣಿ (1928–1963) ಮೂವತ್ತೈದು ವರ್ಷವೂ ತುಂಬದ ಬದುಕಿನಲ್ಲಿ ಮಧ್ಯಮವರ್ಗದ ಮನೆಗೆ ಮನಶ್ಶಾಸ್ತ್ರವನ್ನು ತಂದರು. ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನೋರೋಗಕ್ಕೆ ತುತ್ತಾಗಿ, ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾಗದೆ ಉಳಿದದ್ದು ಮನೆಯವರ ಸಂಶಯ. ರೋಗಿಯನ್ನು ಮತ್ತೆ ಮನೆಯವಳನ್ನಾಗಿ ಸ್ವೀಕರಿಸುವುದೂ ಕುಟುಂಬದ ಹೊಣೆ ಎಂಬ ಮಾತನ್ನು ಇಷ್ಟು ಸ್ಪಷ್ಟವಾಗಿ ಅದಕ್ಕೂ ಮುಂಚೆ ಕನ್ನಡದ ಜನಪ್ರಿಯ ಕಾದಂಬರಿ ಆಡಿರಲಿಲ್ಲ. ಪುಟ್ಟಣ್ಣ ಕಣಗಾಲರ 1971ರ ಚಿತ್ರದ ಮೂಲಕ ಕಾವೇರಿ ಅಕ್ಷರ ಬಾರದವರ ಮನೆಗೂ ತಲುಪಿದಳು.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ನಿಜವಾಗಿ ಬದುಕಿದ್ದ ಹಿರಿಯಳೊಬ್ಬಳ ಕಥೆ. ಮಲೆನಾಡಿನ ದೊಡ್ಡ ಕುಟುಂಬದಲ್ಲಿ ಬಾಲವಿಧವೆಯಾಗಿ, ತಲೆ ಬೋಳಿಸಿಕೊಂಡು, ನೂರು ದಾಟುವವರೆಗೂ ಆ ಮನೆಯ ಹೆರಿಗೆ, ಬಾಣಂತನ, ಮದುವೆ, ಸಾವುಗಳಿಗೆಲ್ಲ ಕೈಯಾಸರೆಯಾದವಳು ಫಣಿಯಮ್ಮ. ಸ್ವಂತ ಸಂಸಾರವಿಲ್ಲದವಳು ಎಲ್ಲರ ಸಂಸಾರವನ್ನೂ ಹೊತ್ತಳು. ಮಡಿಯ ಗೆರೆ ದಾಟಿ ಕೇರಿಯ ಹೆಣ್ಣಿನ ಹೆರಿಗೆಗೂ ಹೋದಳು. ಮನೆಯ ಇನ್ನೊಬ್ಬ ಎಳೆ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಅವಳ ಪರ ನಿಂತಳು. ತಾನು ಹೊತ್ತದ್ದನ್ನು ಮುಂದಿನವರ ಮೇಲೆ ಹೇರದಿರುವುದು ಈ ಪಾತ್ರದ ದೊಡ್ಡತನ.

ಗೃಹಭಂಗ

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಮನೆತನ ಎಂಬ ಕಲ್ಪನೆಯನ್ನೇ ಅಲುಗಾಡಿಸಿತು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ಮೊಮ್ಮಗನಲ್ಲಿ ವಂಶದ ಮುಂದುವರಿಕೆ ಕಾಣುತ್ತಾರೆ. ಮರುಮದುವೆಯಾದ ಸೊಸೆ ಕಾತ್ಯಾಯಿನಿ ಹೆತ್ತ ಮಗನಿಂದಲೇ ದೂರವಾಗುತ್ತಾಳೆ. ಕೊನೆಗೆ ತಾವು ನಂಬಿದ ವಂಶದ ರಕ್ತ ತಮ್ಮಲ್ಲೇ ಇಲ್ಲವೆಂದು ಶ್ರೋತ್ರಿಗಳಿಗೆ ತಿಳಿಯುತ್ತದೆ.

‘ಗೃಹಭಂಗ’ (1970) ಇನ್ನೂ ನೇರ. ತಿಪಟೂರು, ಚನ್ನರಾಯಪಟ್ಟಣಗಳ ಸುತ್ತಿನ ಹಳ್ಳಿಗಾಡಿನಲ್ಲಿ ಶಾನುಭೋಗ ಚೆನ್ನಿಗರಾಯ ಹೆಸರಿಗೆ ಗಂಡ. ಲೆಕ್ಕ ಬರೆಯುವವಳು, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ತುಂಬಿಸುವವಳು ಹೆಂಡತಿ ನಂಜಮ್ಮ. ಪ್ಲೇಗಿಗೆ ಮಕ್ಕಳು ಬಲಿಯಾಗುತ್ತಾರೆ, ಕೊನೆಗೆ ಅವಳೂ. ಉಳಿದ ಎಳೆಯ ವಿಶ್ವನನ್ನು ಕೈಹಿಡಿದು ಕರೆದೊಯ್ಯುವವರು ರಕ್ತಸಂಬಂಧಿಗಳಲ್ಲ, ಮನೆಗೆ ಹಿತೈಷಿಯಾಗಿದ್ದ ಜಂಗಮ ಮಾದೇವಯ್ಯನವರು. ಪುಣ್ಯಕೋಟಿ ಕರುವನ್ನು ಜೊತೆಯ ಹಸುಗಳಿಗೆ ಒಪ್ಪಿಸಿದ ಪ್ರಸಂಗ ಇಲ್ಲಿ ಬೇರೆ ಬಣ್ಣದಲ್ಲಿ ಮರಳಿದೆ. ಬಾಲ್ಯದಲ್ಲೇ ಪ್ಲೇಗಿನಿಂದ ಒಡಹುಟ್ಟಿದವರನ್ನು ಕಳೆದುಕೊಂಡಿದ್ದ ಲೇಖಕರು ಆ ನೋವನ್ನು ಮುಂದೆ ಆತ್ಮಕಥೆ ‘ಭಿತ್ತಿ’ಯಲ್ಲಿ ದಾಖಲಿಸಿದರು.

ದಿನಕ್ಕೊಂದು ಕಥೆ, ತಾಯಿಗೊಂದು ಕೈಪಿಡಿ

ಕಾದಂಬರಿ ನೋವನ್ನು ತೋರಿಸುತ್ತಿದ್ದ ಕಾಲದಲ್ಲೇ ಡಾ. ಅನುಪಮಾ ನಿರಂಜನ (1934–1991) ಎಲ್ಲ ವಯಸ್ಸಿನವರಿಗೂ ಕೈಗೆಟುಕುವ ಪುಸ್ತಕಗಳನ್ನು ಬರೆದರು. ವೈದ್ಯೆಯಾಗಿ ಕಂಡದ್ದನ್ನು ಕಾದಂಬರಿಗಳಲ್ಲಿ ಹೇಳಿದ್ದಲ್ಲದೆ, ಬಸುರಿ ಬಾಣಂತಿಯರಿಗೆ ‘ತಾಯಿ ಮಗು’, ಹೊಸ ಮದುಮಕ್ಕಳಿಗೆ ‘ದಾಂಪತ್ಯ ದೀಪಿಕೆ’, ಮಕ್ಕಳಿಗೆ ತಿಂಗಳಿಗೊಂದರಂತೆ 12 ಸಂಪುಟಗಳ ‘ದಿನಕ್ಕೊಂದು ಕಥೆ’ ಕೊಟ್ಟರು. ಹೊನ್ನಮ್ಮನ ಕಾಲದಲ್ಲಿ ಧರ್ಮವಾಗಿದ್ದದ್ದು ಇಲ್ಲಿ ಆರೋಗ್ಯವೂ ತಿಳಿವಳಿಕೆಯೂ ಆಯಿತು. ಗಂಡನೂ ಓದಬೇಕಾದ ಪಾಠವಾಯಿತು. ಕೂಡುಕುಟುಂಬ ಚದುರಿ, ಅಜ್ಜಿಯಿಲ್ಲದ ಬಾಡಿಗೆ ಮನೆಗಳು ಹೆಚ್ಚುತ್ತಿದ್ದ ನಗರಗಳಲ್ಲಿ ಈ ಪುಸ್ತಕಗಳೇ ಎಷ್ಟೋ ಮನೆಗಳಿಗೆ ಅಜ್ಜಿಯಾದವು.

ಹೊಸ ಕಾಲದ ಎರಡು ಮನೆ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಬೆಂಗಳೂರಿನ ಕುಟುಂಬವೊಂದರ ಏಳಿಗೆಯ ಕಥೆ. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರಿ ಎಲ್ಲರೂ ಬಡತನದಿಂದ ಪಾರಾಗುತ್ತಾರೆ. ಆದರೆ ದುಡಿಯುವವನು ಒಬ್ಬನೇ, ಉಳಿದವರೆಲ್ಲ ಅವನನ್ನು ಕಾಯುವವರು. ಪರಸ್ಪರ ಆತುಕೊಂಡು ಬಾಳಿದ ಪ್ರೀತಿ ನಿಧಾನವಾಗಿ ಕೋಟೆಯಾಗಿ, ಹೊರಗಿನಿಂದ ಬಂದ ಸೊಸೆಯ ನ್ಯಾಯದ ಮಾತೂ ಒಳಗೆ ಹೋಗದಂತಾಗುತ್ತದೆ. ಒಗ್ಗಟ್ಟು ಯಾವಾಗ ಕ್ರೌರ್ಯವಾಗುತ್ತದೆ ಎಂಬುದನ್ನು ಈ ಚಿಕ್ಕ ಪುಸ್ತಕ ಕಾಣಿಸಿತು.

ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ, ಅನುವಾದಕಿ ದೀಪಾ ಭಾಸ್ತಿ ಅವರೊಂದಿಗೆ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಸಂಕಲನಕ್ಕೆ ಹೆಸರು ಕೊಟ್ಟ ‘ಎದೆಯ ಹಣತೆ’ಯಲ್ಲಿ ಗಂಡ ಬೇರೆಯವಳ ಹಿಂದೆ ಹೋದ ಮೆಹರುನ್ ಎಳೆ ಕೂಸಿನೊಂದಿಗೆ ತವರಿಗೆ ಬರುತ್ತಾಳೆ. ಮನೆತನದ ಮಾನ ನೋಡಿದ ತವರಿನವರು ಅವಳನ್ನು ಹಿಂದಕ್ಕೆ ಕಳಿಸುತ್ತಾರೆ. ಸೀಮೆಎಣ್ಣೆ ಸುರಿದುಕೊಂಡು ಕತ್ತಲಲ್ಲಿ ನಿಂತ ಆಕೆಯನ್ನು ಬದುಕಿಗೆ ಕರೆಯುವವಳು ಹಿರಿಯ ಮಗಳು ಸಲ್ಮಾ.

ಭಾಗೀರಥಿಯನ್ನು ಯಾರೂ ತಡೆಯಲಿಲ್ಲ. ಮೆಹರುನ್‌ಳನ್ನು ಒಂದು ಮಗು ತಡೆಯಿತು. ಕನ್ನಡದ ಕುಟುಂಬ ಕಥನ ನಡೆದು ಬಂದ ದೂರ ಇದು. ಆದರೆ ದೊಡ್ಡವರು ಹೊರಬೇಕಾದದ್ದನ್ನು ಇಲ್ಲೂ ಎಳೆಯ ಹೆಗಲೇ ಹೊತ್ತಿತು ಎಂಬುದನ್ನು ಮರೆಯುವಂತಿಲ್ಲ.

ಮಕ್ಕಳಿಗೆ ಪುಣ್ಯಕೋಟಿಯ ಹಾಡು ಹೇಳಿಕೊಡುವ ತಾಯ್ತಂದೆಯರು, ಮೇಷ್ಟ್ರುಗಳು, ಅಜ್ಜ ಅಜ್ಜಿಯರು ಇನ್ನು ಮುಂದೆ ಹುಲಿಯ ಬಳಿಗೆ ಓಡುವ ಮುನ್ನ ದೊಡ್ಡಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ. ಆ ಕರುವನ್ನು ತಮ್ಮದೆಂದುಕೊಂಡ ಹಸುಗಳ ಬಗ್ಗೆಯೂ ಮಕ್ಕಳ ಜೊತೆ ಮಾತಾಡಲಿ.